ಪುಕ್ಕಟೆಯ ಪ್ರಯಾಣವೂ ಗೃಹಸ್ಥನ ಲೆಕ್ಕವೂ

ನಮ್ಮ ಬೀದಿಯಲ್ಲಿ ವಾಸವಾಗಿರುವ ಗೃಹಸ್ಥರೊಬ್ಬರು ಉದ್ಯೋಗದ ನಿಮಿತ್ತ ಅನೇಕ ವರ್ಷ ದೇಶಾಂತರ ಸಂಚಾರ ಮಾಡಿದವರು. ಅವರು ಹೆಚ್ಚಾಗಿ ಆಶ್ರಯಿಸುತ್ತಿದ್ದ ವಿಮಾನ ಕಂಪೆನಿಯವರು, ಅವರ ಪ್ರತಿಯೊಂದು ಪ್ರಯಾಣಕ್ಕೂ ಇಷ್ಟಿಷ್ಟೆಂದು ‘ಮೈಲಿ’ಗಳನ್ನು ಅವರ ಹೆಸರಿನ ಖಾತೆಗೆ ಜಮಾ ಮಾಡುತ್ತ ಬಂದಿದ್ದರು. ಈ ಗಂಟು ಬೆಳೆದು 1,60,000 ಮೈಲಿಗಳಾದುವು. “ಇದರಲ್ಲಿ ಎಲ್ಲಿಗಾದರೂ ಒಮ್ಮೆ ಹೋಗಿಬರಬಾರದೆ?” ಎಂದು ಮನೆಯಾಕೆ ಕೇಳಿದಾಗಲೆಲ್ಲ, “ಇನ್ನಷ್ಟು ಕೂಡಲಿ, ಸಮಯಕ್ಕೆ ಬೇಕಾದೀತು” ಎಂಬುದೇ ಅವರ ಉತ್ತರವಾಗಿದ್ದಿತು.

ಆ ಸಮಯವೂ ಬಂದಿತು. ಅಮೆರಿಕಾದ ಶಿಕಾಗೋ ನಗರದಲ್ಲಿರುವ ಮಗಳು ಗರ್ಭಿಣಿಯಾದ ಶುಭವಾರ್ತೆ ತಲಪಿತು. ಬಾಣಂತನಕ್ಕೆ ತಾಯಿ ಹೋಗುವುದೆಂದು ನಿಶ್ಚಯವಾಯಿತು. ಹೆರಿಗೆಗೆ ಆರು ವಾರವಿರುವಾಗ ಯಜಮಾನರು ಖಾತೆಯನ್ನು ತೆರೆದು ನೋಡಿದರೆ, ಅವಧಿ ಮೀರಿತೆಂದು 38,000 ಮೈಲಿಗಳು ಆಗಲೇ ಅಳಿಸಿಹೋಗಿದ್ದುವು. ಉಳಿದ ಮೈಲಿಗಳಿಗೆ ಅವರು ಬಯಸಿದ ವಾರದಲ್ಲಾಗಲಿ, ಅದರ ಹಿಂದುಮುಂದಿನ ವಾರಗಳಲ್ಲಾಗಲಿ ಒಂದು ಸೀಟೂ ಇರಲಿಲ್ಲ. ಹಣ ಕೊಟ್ಟು ಕೊಳ್ಳುವವರಿಗೆ ಮಾತ್ರ ಅದೇ ವಿಮಾನದಲ್ಲಿ ಸೀಟುಗಳು ಧಾರಾಳವಾಗಿದ್ದುವು! ಕೊನೆಗೆ ತಾಯಿ ರೊಕ್ಕ ತೆತ್ತೇ ಹೊರಟರು. ಹೊರಡುವಾಗ ಆಕೆ ಆಡಿದ ಮಾತು ಒಂದೇ: “ಕಣಜದಲ್ಲಿ ಭತ್ತವಿದೆಯೆಂದು ನಂಬಿಸಿದಿರಿ, ಬೀಗದಕೈ ಬೇರೆಯವರ ಹತ್ತಿರವಿದ್ದುದನ್ನು ಹೇಳಲಿಲ್ಲ.”

ಈ ಮಾತು ನಮ್ಮ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ಇಂದು ಕ್ರೆಡಿಟ್ ಕಾರ್ಡಿನ ಮೂಲಕವಾಗಿ ವಿಮಾನವನ್ನೇ ಹತ್ತದವರ ಮನೆಗೂ ಮೈಲಿಗಳು ಬಂದು ಸೇರುತ್ತಿವೆ. ಆದಕಾರಣ ಈ ಮೈಲಿಗಳೆಂದರೇನು, ಇವು ಹುಟ್ಟಿದುದು ಹೇಗೆ, ಇವುಗಳಿಂದ ಸಂಸಾರಿಗೆ ನಿಜವಾದ ಲಾಭವಾಗುವುದು ಯಾವಾಗ ಎಂಬುದನ್ನು ವಾಚಕರೊಡನೆ ವಿಚಾರಮಾಡುವುದು ಅನುಚಿತವಾಗಲಾರದೆಂದು ಭಾವಿಸಿದ್ದೇವೆ.

ಮೈಲಿಗಳ ಹುಟ್ಟು

ಅಮೆರಿಕಾದಲ್ಲಿ 1978ರವರೆಗೆ ಯಾವ ಕಂಪೆನಿ ಯಾವ ಮಾರ್ಗದಲ್ಲಿ ಹಾರಬೇಕು, ಎಷ್ಟು ದರ ಹಾಕಬೇಕು ಎಂಬುದನ್ನು ಸರ್ಕಾರವೇ ಗೊತ್ತುಮಾಡುತ್ತಿದ್ದಿತು. ಆ ವರ್ಷದ ಅಕ್ಟೋಬರಿನಲ್ಲಿ ಹೊಸ ಕಾನೂನಾಗಿ ಈ ಕಟ್ಟು ಸಡಲಿತು. ಒಡನೆಯೇ ಕಂಪೆನಿ ಕಂಪೆನಿಗಳೊಳಗೆ ಪೈಪೋಟಿ ಮೊದಲಾಯಿತು. ದರವನ್ನು ಇಳಿಸುವುದಕ್ಕೂ ಒಂದು ಮಿತಿಯುಂಟಷ್ಟೆ? ಗಿರಾಕಿಯು ಬೇರೊಬ್ಬರ ಬಾಗಿಲಿಗೆ ಹೋಗದಂತೆ ಮಾಡುವ ಉಪಾಯವನ್ನು ಹುಡುಕುತ್ತ, ಅಮೆರಿಕನ್ ಏರ್‌ಲೈನ್ಸ್ ಎಂಬ ಕಂಪೆನಿಯವರು 1981ನೆಯ ಮೇ 1ರಂದು ‘ಎ-ಅಡ್ವಾಂಟೇಜ್’ ಎಂಬ ಯೋಜನೆಯನ್ನು ತೆರೆದರು. ಕೆಲವೇ ದಿನಗಳಲ್ಲಿ ಯುನೈಟೆಡ್ ಕಂಪೆನಿಯವರೂ ಅದೇ ದಾರಿ ಹಿಡಿದರು. ಇಷ್ಟು ಮೈಲಿ ಹಾರಿದವನಿಗೆ ಒಂದು ಪ್ರಯಾಣ ಪುಕ್ಕಟೆ ಎಂಬುದೇ ಇದರ ತಿರುಳು.

ಉಪಾಯದ ಜಾಣತನ ಇರುವುದು ಎಲ್ಲಿ? ವಿಮಾನವು ಹೊರಟುಹೋದ ಮೇಲೆ ಖಾಲಿ ಸೀಟಿಗೆ ಬೆಲೆಯೇ ಇಲ್ಲ. ಸಂತೆ ಮುಗಿದ ಮೇಲೆ ಬಾಡಿದ ಸೊಪ್ಪಿನಂತೆ. ಅಂಥ ಸೀಟಿನಲ್ಲಿ ಹಳೆಯ ಗಿರಾಕಿಯನ್ನು ಕುಳ್ಳಿರಿಸಿದರೆ ಕಂಪೆನಿಗಾಗುವ ಖರ್ಚು ಅಲ್ಪ, ಅವನಿಗಾಗುವ ಸಂತೋಷವು ಅಧಿಕ. ಆದುದರಿಂದ ಹಣಕ್ಕೆ ಮಾರಾಟವಾಗಬಹುದಾದ ಸೀಟನ್ನು ಕಂಪೆನಿಯು ಮೈಲಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮಾರಾಟವಾಗದೆಂದು ತೋರುವ ಸೀಟುಗಳನ್ನು ಮಾತ್ರ ಅಗ್ಗದ ಮೈಲಿಗೆ ಬಿಡುತ್ತದೆ. ನಮ್ಮ ನೆರೆಮನೆಯವರಿಗೆ ಹಣದ ಸೀಟು ಕಂಡು ಮೈಲಿಯ ಸೀಟು ಕಾಣದೆಹೋದುದರ ರಹಸ್ಯವಿದು.

ಕಾಲಕ್ರಮದಲ್ಲಿ ಕಂಪೆನಿಗಳು ಕೂಟಗಳನ್ನು ಕಟ್ಟಿಕೊಂಡುವು. 1997ರಲ್ಲಿ ಐದು ಕಂಪೆನಿಗಳು ಸೇರಿ ‘ಸ್ಟಾರ್ ಅಲಯನ್ಸ್’ ಎಂಬ ಕೂಟವನ್ನು ಸ್ಥಾಪಿಸಿದುವು. 1999ರಲ್ಲಿ ‘ಒನ್‌ವರ್ಲ್ಡ್’, 2000ದಲ್ಲಿ ‘ಸ್ಕೈಟೀಮ್’ ಹುಟ್ಟಿದುವು. ನಮ್ಮ ಏರ್ ಇಂಡಿಯಾ 2014ರ ಜುಲೈ ತಿಂಗಳಿನಲ್ಲಿ ಸ್ಟಾರ್ ಅಲಯನ್ಸನ್ನು ಸೇರಿತು. ಇದರ ಪ್ರಯೋಜನವೇನೆಂದರೆ, ಒಂದು ಕಂಪೆನಿಯಲ್ಲಿ ಕೂಡಿಸಿದ ಮೈಲಿಗಳನ್ನು ಅದೇ ಕೂಟದ ಇನ್ನೊಂದು ಕಂಪೆನಿಯ ವಿಮಾನಕ್ಕೆ ಉಪಯೋಗಿಸಬಹುದು. ತನ್ನ ಕಂಪೆನಿಯಲ್ಲಿ ಸೀಟಿಲ್ಲವೆಂದು ನಿರಾಶೆಗೊಳ್ಳುವ ಮೊದಲು ಅದರ ಬಂಧುಗಳ ಮನೆಯಲ್ಲಿಯೂ ವಿಚಾರಿಸುವುದು ಲೇಸು.

ಮೈಲಿಯು ಹಣವೆ?

ಹಣವೂ ಹೌದು, ಅಲ್ಲವೂ ಹೌದು. ಕಂಪೆನಿಯ ಪಾಲಿಗೆ ಅದು ನಿಜವಾಗಿ ಹಣವೇ. ಬ್ಯಾಂಕುಗಳು ತಮ್ಮ ಕಾರ್ಡುದಾರರಿಗೆ ಹಂಚುವುದಕ್ಕಾಗಿ ವಿಮಾನ ಕಂಪೆನಿಗಳಿಂದ ಮೈಲಿಗಳನ್ನು ಸಗಟಾಗಿ ಕೊಳ್ಳುತ್ತವೆ. ಮಹಾಮಾರಿಯಿಂದ ವಿಮಾನಗಳು ನೆಲಹಿಡಿದ 2020ರಲ್ಲಿ ಯುನೈಟೆಡ್ ಕಂಪೆನಿಯವರು ತಮ್ಮ ಮೈಲಿ ಯೋಜನೆಯನ್ನೇ ಒತ್ತೆಯಿಟ್ಟು 680 ಕೋಟಿ ಡಾಲರುಗಳ ಸಾಲವೆತ್ತಿದರು. ಮರುವರ್ಷ ಅಮೆರಿಕನ್ ಕಂಪೆನಿಯವರು ಅದೇ ರೀತಿ 1,000 ಕೋಟಿ ಡಾಲರುಗಳನ್ನೆತ್ತಿದರು.

ಆದರೆ ಗಿರಾಕಿಯ ಪಾಲಿಗೆ? ಮೈಲಿಗೆ ಬಡ್ಡಿಯಿಲ್ಲ, ಅದರ ಬೆಲೆಯನ್ನು ಬದಲಾಯಿಸುವ ಅಧಿಕಾರವು ಕಂಪೆನಿಯದು. ಈ ಊರಿಗೆ ಇಷ್ಟು ಮೈಲಿಯೆಂದು ಮೊದಲು ಅಚ್ಚುಮಾಡಿದ ಪಟ್ಟಿಗಳಿದ್ದುವು. ಡೆಲ್ಟಾ ಕಂಪೆನಿಯು 2015ರಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಬೇರೆ ಹಲವರು ಅನುಸರಿಸಿದರು. ಈಗ ಅಂಥ ಕಂಪೆನಿಗಳಲ್ಲಿ ಗಿರಾಕಿಗಳ ನೂಕುನುಗ್ಗಲನ್ನು ನೋಡಿ ಮೈಲಿಯ ಬೆಲೆಯೂ ದಿನದಿನಕ್ಕೆ ಏರಿಳಿಯುತ್ತದೆ. ನ್ಯಾಯಾಲಯದ ಆಶ್ರಯವೂ ಅಷ್ಟಕ್ಕಷ್ಟೆ. ಬಹಳ ದೂರುಗಳನ್ನು ಕೊಟ್ಟರೆಂದು ನಾರ್ತ್‌ವೆಸ್ಟ್ ಕಂಪೆನಿಯವರು ಗಿನ್ಸ್‌ಬರ್ಗ್ ಎಂಬ ಯೆಹೂದಿ ಧರ್ಮಗುರುವನ್ನು ಯೋಜನೆಯಿಂದ ಹೊರಗೆ ಹಾಕಿದರು. ಕಂಪೆನಿಯು ಸದ್ಭಾವದಿಂದ ನಡೆದುಕೊಳ್ಳಲಿಲ್ಲವೆಂದು ಅವರು ಹೂಡಿದ ವಾದವು 2014ರಲ್ಲಿ ಅಮೆರಿಕಾದ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. 1978ರ ಆ ಕಾನೂನೇ ಅದಕ್ಕೆ ಅಡ್ಡಬಂದಿತು.

ಕಂಪೆನಿಯೇ ಮುಳುಗಿದರೆ ಹೇಳುವುದೇನು? ಬೆಂಗಳೂರಿನಲ್ಲಿ ಕೇಂದ್ರವನ್ನು ಹೊಂದಿ 2005ರಲ್ಲಿ ಹಾರಲು ಮೊದಲುಮಾಡಿದ ಕಿಂಗ್‌ಫಿಷರ್ ವಿಮಾನಗಳು 2012ರ ಅಕ್ಟೋಬರಿನಲ್ಲಿ ನಿಂತುವು. ಅದರ ‘ಕಿಂಗ್ ಕ್ಲಬ್ಬಿ’ನಲ್ಲಿ ಮೈಲಿಗಳನ್ನು ಕೂಡಿಹಾಕಿದ್ದವರಿಗೆ ಹಾರಲು ವಿಮಾನವೇ ಇಲ್ಲದಂತಾಯಿತು. ಬ್ಯಾಂಕಿನ ಠೇವಣಿಗಿರುವ ವಿಮೆಯ ಆಸರೆ ಮೈಲಿಗಿಲ್ಲ. ಮಗಳ ಮದುವೆಗೆ ಚಿನ್ನವನ್ನು ಕೂಡಿಸಿದಂತೆ ಮೈಲಿಗಳನ್ನು ಕೂಡಿಸುವುದು ಎಷ್ಟಕ್ಕೂ ಸರಿಯಲ್ಲ. ಚಿನ್ನವು ಕೆಡುವ ಪದಾರ್ಥವಲ್ಲ. ಮೈಲಿಯು ಹಾಲಿನ ಜಾತಿಯದು.

ಲೆಕ್ಕದ ಬಗೆ

ಹಾಗಾದರೆ ಇದರ ಗೊಡವೆಯೇ ಬೇಡವೆ? ಹಾಗಲ್ಲ. ಲೆಕ್ಕ ಬಲ್ಲವನಿಗೆ ಇದರಲ್ಲಿ ಲಾಭವಿದೆ. ಕ್ಯಾಲಿಫೋರ್ನಿಯಾದ ಎಂಜಿನಿಯರೊಬ್ಬರ ಕಥೆ ಪ್ರಸಿದ್ಧವಾಗಿದೆ. 1999ರಲ್ಲಿ ಒಂದು ತಿನಿಸಿನ ಕಂಪೆನಿಯವರು ತಮ್ಮ ಪದಾರ್ಥಗಳ ಚೀಟಿಗಳನ್ನು ಕಳುಹಿಸಿದವರಿಗೆ ಮೈಲಿಗಳನ್ನು ಕೊಡುವುದಾಗಿ ಸಾರಿದರು. ಆತನು ಅಂಗಡಿಗಳನ್ನು ಸುತ್ತಿ, ಎಲ್ಲಕ್ಕಿಂತ ಅಗ್ಗವಾದ ಪುಡ್ಡಿಂಗಿನ ಬಟ್ಟಲುಗಳನ್ನು ಹನ್ನೆರಡು ಸಾವಿರಕ್ಕೂ ಮಿಕ್ಕಿ ಕೊಂಡುಕೊಂಡನು. ಅಷ್ಟನ್ನು ತಿನ್ನುವವರಾರು? ಬಡವರಿಗೆ ಅನ್ನವಿಡುವ ಧರ್ಮಸಂಸ್ಥೆಗೆ ಅವನ್ನು ದಾನಮಾಡಿ, ಚೀಟಿ ಕೀಳುವ ಕೆಲಸದಲ್ಲಿ ಅವರ ನೆರವನ್ನು ಪಡೆದನು. ಸುಮಾರು 3,000 ಡಾಲರು ಖರ್ಚಿನಲ್ಲಿ ಆತನಿಗೆ ಹನ್ನೆರಡೂವರೆ ಲಕ್ಷ ಮೈಲಿಗಳು ದೊರೆತುವು. ಇಂಥ ಸುಯೋಗವು ದಿನವೂ ಬರುವುದಿಲ್ಲ. ಆದರೆ ಆತನು ಮಾಡಿದ ಮುಖ್ಯ ಕೆಲಸವನ್ನು ನಾವೆಲ್ಲರೂ ಮಾಡಬಹುದು: ಒಂದು ಮೈಲಿಗೆ ಎಷ್ಟು ಬೆಲೆಯೆಂಬುದನ್ನು ಮೊದಲು ಗುಣಿಸಿ ನೋಡುವುದು.

ಒಂದು ಪ್ರಯಾಣಕ್ಕೆ ಹಣದ ಟಿಕೇಟಿನ ಬೆಲೆ 90,000 ರೂಪಾಯಿಯೆಂದು ಭಾವಿಸೋಣ. ಅದೇ ಪ್ರಯಾಣಕ್ಕೆ 80,000 ಮೈಲಿಗಳನ್ನೂ, ತೆರಿಗೆ ಮುಂತಾದುವಕ್ಕೆ 18,000 ರೂಪಾಯಿಗಳನ್ನೂ ಕೇಳುತ್ತಾರೆ. ಉಳಿದ ಹಣ 72,000. ಅದನ್ನು ಮೈಲಿಗಳಿಂದ ಭಾಗಿಸಿದರೆ ಮೈಲಿಗೆ 90 ಪೈಸೆ. ಅದೇ ಯೋಜನೆಯವರು 3,000 ರೂಪಾಯಿಯ ಮಿಕ್ಸಿಯೊಂದನ್ನು 12,000 ಮೈಲಿಗೆ ಕೊಡುತ್ತೇವೆಂದರೆ, ಅಲ್ಲಿ ಮೈಲಿಗೆ ದೊರೆಯುವುದು 25 ಪೈಸೆ ಮಾತ್ರ. ಅಂಕಿಗಳು ಉದಾಹರಣೆಗಾಗಿ ಹೇಳಿದುವು. ಲೆಕ್ಕದ ರೀತಿ ಎಲ್ಲ ಕಡೆಗೂ ಒಂದೇ. ‘ಪುಕ್ಕಟೆ’ ಟಿಕೇಟಿಗೂ ತೆರಿಗೆ ಇದ್ದೇ ಇರುವುದೆಂಬುದನ್ನು, ಕೆಲವು ಕಂಪೆನಿಗಳು ಇಂಧನದ ಹೆಸರಿನಲ್ಲಿ ಭಾರಿಯಾದ ಮೊತ್ತವನ್ನು ಸೇರಿಸುವುವೆಂಬುದನ್ನು ಮರೆಯಬಾರದು.

ಇನ್ನು ಕೆಲವು ಮಾತುಗಳನ್ನು ಗೃಹಸ್ಥರು ನೆನಪಿನಲ್ಲಿಡಬೇಕು. ಅನೇಕ ಕಂಪೆನಿಗಳು ಹೊರಡುವ ದಿನಕ್ಕೆ ಸುಮಾರು ಹನ್ನೊಂದು ತಿಂಗಳು ಮೊದಲೇ ಸೀಟುಗಳ ಪುಸ್ತಕವನ್ನು ತೆರೆಯುತ್ತವೆ. ಮೈಲಿಯ ಸೀಟುಗಳನ್ನು ಹುಡುಕಲು ಅದು ಒಳ್ಳೆಯ ಕಾಲ. ಹೊರಡಲು ಕೆಲವೇ ದಿನಗಳಿರುವಾಗ ಉಳಿದ ಸೀಟುಗಳನ್ನು ಬಿಡುವುದೂ ಉಂಟು. ಆದರೆ ವೃದ್ಧರನ್ನೋ ಮಕ್ಕಳನ್ನೋ ಕರೆದೊಯ್ಯುವವರು ಅದನ್ನು ನಂಬಿ ಕುಳಿತಿರಲಾಗದು. ಬೇಸಗೆ ರಜೆ, ದೀಪಾವಳಿ, ಕ್ರಿಸ್‌ಮಸ್ ಕಾಲಗಳನ್ನು ಬಿಟ್ಟು ದಿನವನ್ನು ಆರಿಸಿಕೊಂಡರೆ ಕಾರ್ಯಸಿದ್ಧಿ ಬೇಗ. ಮೈಲಿಯ ಆಯುಷ್ಯವು ಯೋಜನೆಯಿಂದ ಯೋಜನೆಗೆ ಬೇರೆ. ಸಿಂಗಪುರ ಏರ್‌ಲೈನ್ಸಿನವರ ‘ಕ್ರಿಸ್‌ಫ್ಲೈಯರ್’ ಮೈಲಿಗಳಿಗೆ ಸಾಮಾನ್ಯವಾಗಿ ಮೂರು ವರ್ಷ. ಆದುದರಿಂದ ಅವಧಿ ಮುಗಿಯುವ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತುಹಾಕಿರಿ. ಕಾರ್ಡಿನಿಂದ ಮೈಲಿಗೆ ಒಮ್ಮೆ ವರ್ಗಾಯಿಸಿದುದನ್ನು ಹಿಂದಕ್ಕೆ ಪಡೆಯುವುದು ಸಾಮಾನ್ಯವಾಗಿ ಆಗದು. ಸೀಟು ಇದೆಯೆಂದು ಕಣ್ಣಾರೆ ಕಂಡ ಮೇಲೆಯೇ ವರ್ಗಾಯಿಸಿರಿ. ಖಾತೆಯ ಗುಟ್ಟಿನ ಪದವನ್ನು ಯಾರಿಗೂ ಹೇಳಬೇಡಿರಿ, ಮೈಲಿಗೂ ಕಳ್ಳರಿದ್ದಾರೆ.

ಎಲ್ಲಕ್ಕಿಂತ ಮುಖ್ಯವಾದುದು, ಮೈಲಿಯ ಆಸೆಗಾಗಿ ಸಾಲ ಮಾಡದಿರುವುದು. ಕಾರ್ಡಿನ ಬಾಕಿಯನ್ನು ಉಳಿಸಿಕೊಂಡರೆ ಅನೇಕ ಬ್ಯಾಂಕುಗಳು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಗೂ ಮೇಲ್ಪಟ್ಟು ಬಡ್ಡಿ ಹಾಕುತ್ತವೆ. ಎರಡು ತಿಂಗಳ ಬಡ್ಡಿಯು ಆ ಖರ್ಚಿನಿಂದ ಬಂದ ಮೈಲಿಗಳನ್ನೆಲ್ಲ ನುಂಗಿ ನೀರು ಕುಡಿಯುವುದು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ನುಡಿ ಆಕಾಶಯಾನಕ್ಕೂ ಸಲ್ಲುತ್ತದೆ.

ಯಾರ ಮೈಲಿ?

ಇನ್ನೊಂದು ಪ್ರಶ್ನೆಯನ್ನು ಮನೆಯವರು ಕೇಳಿಕೊಳ್ಳಲೇಬೇಕು. ಅನ್ಯರ ಹಣದಿಂದ ಪ್ರಯಾಣ ಮಾಡಿ ಬಂದ ಮೈಲಿಗಳು ಯಾರ ಸ್ವತ್ತು? ಜರ್ಮನಿಯಲ್ಲಿ 2002ರಲ್ಲಿ ಇದೇ ವಿಷಯವಾಗಿ ದೊಡ್ಡ ಗದ್ದಲವೆದ್ದಿತು. ಸರ್ಕಾರಿ ಪ್ರಯಾಣದಿಂದ ಬಂದ ಮೈಲಿಗಳನ್ನು ಸ್ವಂತ ಪ್ರವಾಸಕ್ಕೆ ಬಳಸಿಕೊಂಡರೆಂದು ಬರ್ಲಿನ್ನಿನ ಆರ್ಥಿಕ ಸಚಿವರಾಗಿದ್ದ ಗ್ರೆಗೋರ್ ಗೀಸಿಯವರು ಪದವಿಯನ್ನೇ ಬಿಟ್ಟರು. ಅಮೆರಿಕಾದಲ್ಲಿ ಇದಕ್ಕೆ ಪ್ರತಿಯಾಗಿ, 2001ರ ಕೊನೆಯಲ್ಲಿ ಆದ ಕಾನೂನಿನಂತೆ, ಕೇಂದ್ರ ಸರ್ಕಾರದ ನೌಕರರು ಅಂಥ ಮೈಲಿಗಳನ್ನು ತಾವೇ ಇಟ್ಟುಕೊಳ್ಳಬಹುದು. ನಮ್ಮ ಭಾರತ ಸರ್ಕಾರದ ಆಜ್ಞೆಯಾದರೋ ಅವನ್ನು ಸರ್ಕಾರಿ ಪ್ರಯಾಣಕ್ಕೇ ಉಪಯೋಗಿಸಬೇಕೆಂದಿದೆ. ಖಾಸಗಿ ನೌಕರಿಯಲ್ಲಿರುವವರು ತಮ್ಮ ಸಂಸ್ಥೆಯ ನಿಯಮವನ್ನು ಕೇಳಿ ತಿಳಿದುಕೊಳ್ಳುವುದು ಮೇಲು. ನಮ್ಮ ನೆರೆಮನೆಯವರು ಮೊದಲೇ ಕೇಳಿದ್ದರು. ಅವರ ಸಂಸ್ಥೆಯವರು ಮೈಲಿಗಳನ್ನು ನೌಕರರಿಗೇ ಬಿಟ್ಟುಕೊಟ್ಟಿದ್ದರು. ಮನೆಯ ಮಕ್ಕಳೆದುರಿಗೆ ಇಂಥ ಸಣ್ಣ ವಿಷಯದಲ್ಲಿ ತೋರುವ ಪ್ರಾಮಾಣಿಕತೆಗೆ ಒಂದು ಟಿಕೇಟಿಗಿಂತ ಬೆಲೆ ಹೆಚ್ಚು.

ಆ ಗೃಹಸ್ಥರ ವೃತ್ತಾಂತವನ್ನು ಮುಗಿಸಿಯೇ ಲೇಖನಿಯನ್ನಿಡುವೆವು. ಶಿಕಾಗೋದಲ್ಲಿ ಮಗಳು ಸುಖವಾಗಿ ಹೆತ್ತಳು, ಗಂಡುಮಗು. ಒಂದು ತಿಂಗಳು ಕಳೆಯುವಷ್ಟರಲ್ಲಿ ಯಜಮಾನರು ಮತ್ತೆ ಖಾತೆಯ ಮುಂದೆ ಕುಳಿತರು. ಈ ಸಲ ಅವರು ಹುಡುಕಿದುದು ಮಗುವಿನ ಮೊದಲ ಹುಟ್ಟುಹಬ್ಬದ ವಾರವನ್ನು. ಎರಡು ಸೀಟುಗಳಿಗಾಗಿ ಯತ್ನಿಸಿದರು, ಸಿಕ್ಕಿದುದು ಒಂದೇ. ಆ ಒಂದು ಸೀಟನ್ನು ಎಪ್ಪತ್ತೆಂಟು ವರ್ಷದ ತಮ್ಮ ತಾಯಿಯ ಹೆಸರಿಗೆ ಬರೆಯಿಸಿ, ಅದೇ ವಿಮಾನಕ್ಕೆ ತಮಗೊಂದು ಟಿಕೇಟನ್ನು ಹಣ ಕೊಟ್ಟು ಕೊಂಡರು. “ಖರ್ಚಿಗೆ ಅಂಜಿ ನಾನು ಒಲ್ಲೆನೆನ್ನುತ್ತಿದ್ದೆ, ಇದು ಹೇಗೂ ಹಾಳಾಗಿ ಹೋಗುವ ಗಂಟು ಎಂದು ಹೇಳಿದನಪ್ಪ, ಒಪ್ಪಿದೆ” ಎಂದು ಆ ವೃದ್ಧೆಯು ನಮ್ಮೊಡನೆ ನಗುತ್ತ ಹೇಳಿದರು. ಮರಿಮಗನನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡ ಅವರ ಪಟವೊಂದು ಈಗ ಅವರ ನಡುಮನೆಯಲ್ಲಿದೆ.

ಗಾಳಿ ಬಂದಾಗ ತೂರಿಕೋ ಎಂದು ನಮ್ಮ ರೈತರು ಹೇಳುತ್ತಾರೆ. ವಾಚಕರ ಮನೆಯಲ್ಲಿಯೂ ಇಂಥ ಗಂಟೊಂದು ಮೂಲೆಯಲ್ಲಿ ಬಿದ್ದಿದ್ದರೆ, ಈ ಸಂಜೆಯೇ ಅದನ್ನು ಬಿಚ್ಚಿ ಲೆಕ್ಕ ನೋಡಿರಿ; ಯಾರನ್ನು ಯಾರ ಬಳಿಗೆ ಕಳುಹಿಸಬೇಕಾಗಿದೆಯೆಂದು ಮನೆಮಂದಿಯೆಲ್ಲ ಕೂಡಿ ಯೋಚಿಸಿರಿ.