ಎದೆಗೆ ಗಾಳಿ ಸಾಲದಿದ್ದರೆ ಕ್ಯಾನ್ಸರ್ ಬರುತ್ತದೆಯೇ?

ಬೆಂಗಳೂರಿನಿಂದ ಹೆದ್ದಾರಿ ಹಿಡಿದು ತುಮಕೂರಿಗೆ ಹೊರಟವರಿಗೆ ಕ್ಯಾತ್ಸಂದ್ರಕ್ಕಿಂತ ಮೊದಲೇ ಹಿರೇಹಳ್ಳಿ ಸಿಗುತ್ತದೆ. ಅಲ್ಲಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳೂ ಇವೆ, ಹಲಸು ಹುಣಸೆ ತಳಿಗಳಿಗೆ ಹೆಸರಾದ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವೂ ಇದೆ. ಇಂಥ ಊರುಗಳಲ್ಲಿ “ಹೊಗೆ ಹೆಚ್ಚಾಗಿ ಆಕ್ಸಿಜನ್ ಕಮ್ಮಿಯಾಯಿತು, ಅದಕ್ಕೇ ಕ್ಯಾನ್ಸರ್ ಜಾಸ್ತಿ” ಎಂಬ ಮಾತು ಬಹುಬೇಗ ನಂಬಿಕೆಯಾಗಿಬಿಡುತ್ತದೆ. ಸ್ತನ ಕ್ಯಾನ್ಸರ್ ಎಂದರಂತೂ ಇನ್ನಷ್ಟು ಸೇರಿಕೊಳ್ಳುತ್ತವೆ: ಬಿಗಿಯಾದ ಒಳ ಉಡುಪಿನಿಂದ ಎದೆಗೆ ರಕ್ತ ಓಡುವುದಿಲ್ಲ, ದೀರ್ಘ ಉಸಿರಾಟ ಮಾಡಿದರೆ ಗಡ್ಡೆ ಕರಗುತ್ತದೆ, ಕತ್ತರಿ ಹಾಕಿ ಗಾಳಿ ಸೋಕಿಸಿದರೆ ಮೈಯೆಲ್ಲ ಹರಡುತ್ತದೆ.

ಈ ಮಾತುಗಳು ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಕಾರಣ, ಇವುಗಳ ಬುಡದಲ್ಲಿ ಒಂದು ನಿಜವಿದೆ. ಸ್ತನ ಕ್ಯಾನ್ಸರಿನ ತೀರಾ ಆರಂಭದ ಹಂತದಲ್ಲೇ ಕೆಲವು ಜೀವಕೋಶಗಳಿಗೆ ಆಮ್ಲಜನಕದ ಕೊರತೆ ಆಗುತ್ತದೆ. ಆದರೆ ಆ ಕೊರತೆ ಊರಿನ ಗಾಳಿಯದ್ದಲ್ಲ, ಹೆಂಗಸಿನ ಉಸಿರಿನದ್ದೂ ಅಲ್ಲ.

ಹಿರೇಹಳ್ಳಿಯಲ್ಲಿ ನಿಂತರೂ ದೇವರಾಯನದುರ್ಗದ ನೆತ್ತಿಗೆ ಹತ್ತಿದರೂ ಗಾಳಿಯಲ್ಲಿ ಆಮ್ಲಜನಕದ ಪಾಲು ಸುಮಾರು ಶೇ 21. ಕಾರ್ಖಾನೆಯ ಹೊಗೆಗೆ ಅದರದ್ದೇ ಅಪಾಯಗಳಿವೆ, ಆದರೆ ಅದು ಈ ಪಾಲನ್ನು ಕುಗ್ಗಿಸುವುದಿಲ್ಲ. ಆರೋಗ್ಯವಂತರ ರಕ್ತದ ಹಿಮೋಗ್ಲೋಬಿನ್ ಶೇ 95ಕ್ಕಿಂತ ಹೆಚ್ಚು ಆಮ್ಲಜನಕ ತುಂಬಿಕೊಂಡೇ ಓಡಾಡುತ್ತಿರುತ್ತದೆ. ಆದರೂ ದೇಹದ ಒಳಗಿನ ಅಂಗಗಳಲ್ಲಿ ಶೇ 21 ಇರುವುದಿಲ್ಲ. ಅಲ್ಲಿ ಶೇ 3ರಿಂದ 10ರಷ್ಟು ಇರುವುದೇ ಸಹಜ.

ಸ್ತನ ಕ್ಯಾನ್ಸರ್ ಬಹುಪಾಲು ಹಾಲಿನ ನಾಳಗಳ ಒಳಪದರದಲ್ಲಿ ಹುಟ್ಟುತ್ತದೆ. ಈ ನಾಳದ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಾಳದ ಸುತ್ತ ತೆಳುವಾದ ಒಂದು ಪೊರೆ ಇರುತ್ತದೆ. ರಕ್ತನಾಳಗಳೆಲ್ಲ ಆ ಪೊರೆಯ ಹೊರಗೇ ಉಳಿಯುತ್ತವೆ, ಒಳಗೆ ಒಂದೂ ಇರುವುದಿಲ್ಲ. ಒಂದೆರಡು ಪದರ ಜೀವಕೋಶಗಳಿರುವ ತನಕ ಇದರಿಂದ ತೊಂದರೆಯಿಲ್ಲ, ಆಮ್ಲಜನಕ ಹೊರಗಿನಿಂದ ಜಿನುಗಿ ಒಳಗೆ ತಲುಪುತ್ತದೆ. ವಂಶವಾಹಿಗಳು ಕೆಟ್ಟು ಜೀವಕೋಶಗಳು ಲಗಾಮಿಲ್ಲದೆ ಹೆಚ್ಚತೊಡಗಿದಾಗ ನಾಳ ಕ್ರಮೇಣ ತುಂಬುತ್ತದೆ. ರಕ್ತನಾಳದಿಂದ ಆಮ್ಲಜನಕ ಜಿನುಗಿ ಸಾಗಬಲ್ಲ ದೂರ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಹೆಚ್ಚೆಂದರೆ ಐದನೇ ಒಂದು ಭಾಗ. ಥಾಮ್ಲಿನ್‌ಸನ್ ಮತ್ತು ಗ್ರೇ ಎಂಬ ವಿಜ್ಞಾನಿಗಳು 1955ರಲ್ಲೇ ಶ್ವಾಸಕೋಶದ ಗಡ್ಡೆಗಳಲ್ಲಿ ಇದನ್ನು ಅಳೆದು ತೋರಿಸಿದ್ದರು. ಬೆಳಗಿನ ಹೊತ್ತು ಹಿರೇಹಳ್ಳಿ ನಿಲ್ದಾಣ ದಾಟುವ ಬೆಂಗಳೂರಿನ ರೈಲಿನಲ್ಲಿ ಕಿಟಕಿ ಪಕ್ಕದವರಿಗೆ ಗಾಳಿ ಸಿಕ್ಕು ನಡುವೆ ನಿಂತವರು ಬೆವರುವ ಹಾಗೆ, ನಾಳದ ಅಂಚಿನ ಕೋಶಗಳು ಉಸಿರಾಡುತ್ತವೆ, ಮಧ್ಯದವು ಉಸಿರುಗಟ್ಟಿ ಸಾಯುತ್ತವೆ.

ಹಾಗಾಗಿ ಮೊದಲು ಜೀವಕೋಶಗಳ ಹೆಚ್ಚಳ, ಆಮೇಲೆ ಆಮ್ಲಜನಕದ ಕೊರತೆ. ನಂಬಿಕೆಗಳು ತಪ್ಪುವುದು ಇಲ್ಲೇ, ಫಲವನ್ನು ಬೇರು ಎಂದು ಹಿಡಿಯುವುದರಲ್ಲಿ.

ಕೊರತೆ ನಿರುಪದ್ರವಿ ಎಂದಲ್ಲ. ಜೀವಕೋಶದೊಳಗೆ ಎಚ್‌ಐಎಫ್ ಎಂಬ ಪ್ರೋಟೀನ್ ಇದೆ. ಆಮ್ಲಜನಕ ಸಾಕಷ್ಟಿದ್ದಾಗ ಅದು ಹುಟ್ಟಿದ ಹಾಗೇ ನಾಶವಾಗುತ್ತದೆ. ಕೊರತೆಯಾದ ಕೂಡಲೇ ಉಳಿದುಕೊಂಡು, ಹೊಸ ರಕ್ತನಾಳ ಬೆಳೆಸುವ, ಸಕ್ಕರೆಯನ್ನು ಹೆಚ್ಚು ಹೀರಿಕೊಳ್ಳುವ ವಂಶವಾಹಿಗಳನ್ನು ಎಬ್ಬಿಸುತ್ತದೆ. ಈ ಗುಟ್ಟನ್ನು ಬಿಡಿಸಿದ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್, ಗ್ರೆಗ್ ಸೆಮೆನ್ಜಾ ಅವರಿಗೆ 2019ರ ವೈದ್ಯಕೀಯ ನೊಬೆಲ್ ಬಂತು. 2003ರಲ್ಲಿ ಸ್ವೀಡನ್ನಿನ ಸಂಶೋಧಕರು ಇನ್ನೂ ನಾಳ ಬಿಟ್ಟು ಹೊರಬರದ ಹಂತದ ಸ್ತನ ಗಡ್ಡೆಗಳನ್ನು ಪರೀಕ್ಷಿಸಿದಾಗ, ಸತ್ತ ಭಾಗಕ್ಕೆ ಹತ್ತಿರವಿದ್ದ ಕೋಶಗಳು ಈಸ್ಟ್ರೋಜನ್ ಗ್ರಾಹಕಗಳನ್ನು ಕಳೆದುಕೊಂಡು, ತಮ್ಮ ಮೂಲ ಗುಣವನ್ನೇ ಮರೆಯುತ್ತಿದ್ದವು. ಕೊರತೆಯಲ್ಲಿ ಡಿಎನ್‌ಎ ರಿಪೇರಿ ಮಾಡುವ ವ್ಯವಸ್ಥೆಯೂ ಮಂಕಾಗುತ್ತದೆ. ಇಂಥ ಇಕ್ಕಟ್ಟಿನಲ್ಲಿ ಬದುಕಿ ಉಳಿಯುವ ಕೋಶಗಳೇ ಮುಂದೆ ಹೆಚ್ಚು ಗಡಸು. ಬೆಳೆದ ಗಡ್ಡೆಗಳಿಗೆ ಸೂಕ್ಷ್ಮ ಸೂಜಿ ಇಳಿಸಿ ಅಳೆದಾಗ ಸಾಮಾನ್ಯ ಸ್ತನದಲ್ಲಿ ಸುಮಾರು 65 ಮಿ.ಮೀ. ಪಾದರಸದಷ್ಟಿದ್ದ ಆಮ್ಲಜನಕದ ಒತ್ತಡ ಗಡ್ಡೆಯಲ್ಲಿ 28ರ ಆಸುಪಾಸಿಗೆ ಇಳಿದಿತ್ತು.

ವಾಟ್ಸಾಪಿನಲ್ಲಿ ಮತ್ತೆ ಮತ್ತೆ ಸುತ್ತುವ ಒಂದು ಸಂದೇಶ ಜರ್ಮನಿಯ ಓಟ್ಟೊ ವಾರ್‌ಬರ್ಗ್ ಹೆಸರು ಹೇಳುತ್ತದೆ: “ಕ್ಯಾನ್ಸರಿಗೆ ಆಕ್ಸಿಜನ್ ಕೊರತೆಯೇ ಕಾರಣ ಎಂದು ಕಂಡುಹಿಡಿದು ನೊಬೆಲ್ ಪಡೆದವರು.” ವಾರ್‌ಬರ್ಗ್ ದೊಡ್ಡ ವಿಜ್ಞಾನಿ, ಸಂದೇಹವಿಲ್ಲ. ಆದರೆ 1931ರ ಆ ನೊಬೆಲ್ ಬಂದದ್ದು ಉಸಿರಾಟದ ಕಿಣ್ವದ ಸ್ವರೂಪ ಮತ್ತು ಕೆಲಸವನ್ನು ತಿಳಿಸಿದ್ದಕ್ಕೆ. ಕ್ಯಾನ್ಸರ್ ಕೋಶಗಳಲ್ಲಿ ಅವರು ಕಂಡದ್ದು ಬೇರೆಯೇ. ಆಮ್ಲಜನಕ ಧಾರಾಳವಾಗಿದ್ದಾಗಲೂ ಅವು ಸಕ್ಕರೆಯನ್ನು ಹುದುಗಿಸಿಯೇ ಶಕ್ತಿ ಪಡೆಯುತ್ತಿದ್ದವು. ಆಕ್ಸಿಜನ್ ಕೊಟ್ಟ ಮಾತ್ರಕ್ಕೆ ಕ್ಯಾನ್ಸರ್ ಸಾಯುತ್ತದೆ ಎಂಬ ವಾದಕ್ಕೆ ಇದು ನೇರ ಪೆಟ್ಟು.

ಒಳ ಉಡುಪಿನ ಭಯ 1995ರಲ್ಲಿ ಅಮೆರಿಕದಲ್ಲಿ ಬಂದ ಪುಸ್ತಕವೊಂದರಿಂದ ಬೆಳೆಯಿತು. ಸಿಯಾಟಲ್‌ನ ಫ್ರೆಡ್ ಹಚಿನ್‌ಸನ್ ಕೇಂದ್ರ 1,500ಕ್ಕೂ ಹೆಚ್ಚು ಮಹಿಳೆಯರನ್ನು ವಿಚಾರಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ರಾದ ಅಳತೆ, ತಂತಿ, ದಿನಕ್ಕೆ ಧರಿಸುವ ತಾಸು ಯಾವುದಕ್ಕೂ ಸ್ತನ ಕ್ಯಾನ್ಸರಿನ ನಂಟು ಸಿಗಲಿಲ್ಲ.

ಪ್ರಾಣಾಯಾಮ ಮಾಡುವವರು ಬಿಡಬೇಕಿಲ್ಲ. ಚಿಕಿತ್ಸೆಯ ಆಯಾಸ, ಆತಂಕ ತಗ್ಗಿಸಲು ಯೋಗ ನೆರವಾಗುತ್ತದೆ ಎಂಬುದನ್ನು ಬೆಂಗಳೂರಿನ ಎಸ್‌-ವ್ಯಾಸ ಸೇರಿದಂತೆ ಹಲವು ಸಂಸ್ಥೆಗಳ ಅಧ್ಯಯನಗಳು ತೋರಿಸಿವೆ. ಆದರೆ ಈಗಾಗಲೇ ತುಂಬಿರುವ ಹಿಮೋಗ್ಲೋಬಿನ್‌ಗೆ ಉಸಿರಾಟದಿಂದ ಇನ್ನಷ್ಟು ತುಂಬಲಾಗದು, ರಕ್ತನಾಳವೇ ಇಲ್ಲದ ನಾಳದ ನಡುಭಾಗಕ್ಕೆ ಅದು ತಲುಪುವುದೂ ಇಲ್ಲ. “ಆಕ್ಸಿಜನ್ ಚಿಕಿತ್ಸೆ” ಎಂದು ಹೈಡ್ರೋಜನ್ ಪೆರಾಕ್ಸೈಡ್ ಕುಡಿಸುವುದಂತೂ ಜೀವಕ್ಕೇ ಸಂಚಕಾರ. ಹಣ್ಣು ತಿಂದರೆ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬ ಮಾತೂ ಹೀಗೇ. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಸಿಕ್ಕು, ಹಿರೇಹಳ್ಳಿ ಕೇಂದ್ರದ ಮೂಲಕ ನಾಡಿಗೆ ಪರಿಚಯವಾದ ತಾಮ್ರಗೆಂಪು ತೊಳೆಯ ಸಿದ್ದು ಹಲಸು ಒಳ್ಳೆಯ ಆಹಾರ, ಕ್ಯಾನ್ಸರಿನ ಔಷಧವಲ್ಲ. ಲಕ್ಷ್ಮಣಫಲದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಅದರಲ್ಲಿರುವ ಅಸಿಟೋಜೆನಿನ್‌ಗಳು ಜೀವಕೋಶ ಆಮ್ಲಜನಕ ಬಳಸುವ ದಾರಿಯನ್ನೇ ತಡೆಯುತ್ತವೆ. ಈ ಜಾತಿಯ ಹಣ್ಣು, ಎಲೆ ಕಷಾಯವನ್ನು ವಿಪರೀತ ಬಳಸುವ ಗ್ವಾಡಲೂಪ್ ದ್ವೀಪದಲ್ಲಿ ಪಾರ್ಕಿನ್‌ಸನ್ ಹೋಲುವ ಕಾಯಿಲೆಯೊಂದಿಗೆ ಅದರ ನಂಟನ್ನು 1999ರಲ್ಲೇ ವೈದ್ಯರು ವರದಿ ಮಾಡಿದ್ದರು.

ಜೀವಕ್ಕೇ ಎರವಾಗಬಲ್ಲ ಇನ್ನೊಂದು ನಂಬಿಕೆ ಗಾಳಿ ಸೋಕುವುದರದ್ದು. ಅಮೆರಿಕದ ಶ್ವಾಸಕೋಶ ಚಿಕಿತ್ಸಾಲಯಗಳಲ್ಲಿ ನಡೆದ, 2003ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ 38ರಷ್ಟು ರೋಗಿಗಳು ಶಸ್ತ್ರಚಿಕಿತ್ಸೆಯಲ್ಲಿ ಗಾಳಿ ತಗುಲಿದರೆ ಗಡ್ಡೆ ಹರಡುತ್ತದೆ ಎಂದು ನಂಬಿದ್ದರು. ಹೊಟ್ಟೆ, ಎದೆ ತೆರೆದಾಗಲೇ ರೋಗ ಬಲಿತಿದ್ದದ್ದು ಕಾಣುತ್ತಿದ್ದ ಕಾಲದ ಅನುಭವ ಹೀಗೆ ಉಳಿದಿರಬಹುದು. ಇದರ ಜೊತೆಗೇ ಬೆರೆಯಬಹುದಾದ ಒಂದು ವೈಜ್ಞಾನಿಕ ಸುದ್ದಿಯೂ ಇದೆ: ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಹರಿಕೃಷ್ಣ ನಕ್ಷತ್ರಿ ಅವರ ತಂಡ 2022ರಲ್ಲಿ, ಗಡ್ಡೆಯ ಕೋಶಗಳನ್ನು ಹೊರಗಿನ ಗಾಳಿಗೆ ಒಡ್ಡಿದರೆ ಅವುಗಳೊಳಗಿನ ಸಂಕೇತಗಳೂ ಔಷಧಗಳಿಗೆ ಅವು ತೋರುವ ಪ್ರತಿಕ್ರಿಯೆಯೂ ಬದಲಾಗುತ್ತವೆ ಎಂದು ತೋರಿಸಿತು. ಅದು ಪ್ರಯೋಗಾಲಯದಲ್ಲಿ ಔಷಧ ಪರೀಕ್ಷಿಸುವವರಿಗೆ ಸೇರಿದ ಪಾಠ. ಸೂಜಿ ಬಯಾಪ್ಸಿ ಅಥವಾ ಶಸ್ತ್ರಚಿಕಿತ್ಸೆ ಮುಂದೂಡಲು ಅದು ನೆಪವಾಗಬಾರದು.

ನಾಳದ ನಡುವೆ ಸತ್ತ ಆ ಕೋಶಗಳೇ ವೈದ್ಯರಿಗೆ ಸುಳಿವನ್ನೂ ಕೊಡುತ್ತವೆ. ಅವುಗಳ ಜಾಗದಲ್ಲಿ ಸುಣ್ಣದಂಶ ಕೂತು ಮ್ಯಾಮೊಗ್ರಾಂನಲ್ಲಿ ಬಿಳಿ ಚುಕ್ಕೆಗಳಾಗಿ, ಒಮ್ಮೊಮ್ಮೆ ನಾಳದ ಗುಂಟ ಸಾಲಾಗಿ ಕಾಣಿಸುತ್ತದೆ. ಕೈಗೆ ಗಂಟು ಸಿಗುವ ಮೊದಲೇ, ಕ್ಯಾನ್ಸರ್ ನಾಳ ದಾಟುವ ಮೊದಲೇ. ಆ ಹಂತದಲ್ಲಿ ಸಿಕ್ಕವರಲ್ಲಿ ಬಹುತೇಕರು ಗುಣವಾಗುತ್ತಾರೆ. ಎಲ್ಲ ಊರಿಗೂ ಮ್ಯಾಮೊಗ್ರಾಂ ಯಂತ್ರ ಬರುವುದು ಕಷ್ಟ, ಆದರೆ ತರಬೇತಾದ ಕೈಗಳೂ ಕೆಲಸ ಮಾಡುತ್ತವೆ. ಮುಂಬೈಯ ಟಾಟಾ ಸ್ಮಾರಕ ಕೇಂದ್ರ 1.5 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆಯರಿಂದ ಕೈಯಲ್ಲೇ ಸ್ತನ ತಪಾಸಣೆ ಮಾಡಿಸಿತು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ ತಪಾಸಣೆಯಾದ ಗುಂಪಿನ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ಇಳಿದಿತ್ತು. 30 ದಾಟಿದ ಹೆಂಗಸರಿಗೆ ಇದೇ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿದೆ, ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿಗೆ, ಯಾವತ್ತು ಹೋಗಬೇಕೆಂದು ಹೇಳುತ್ತಾರೆ. ನೋವಿಲ್ಲದ ಗಂಟು, ಒಳಕ್ಕೆ ಎಳೆದುಕೊಂಡ ತೊಟ್ಟು, ತೊಟ್ಟಿನಿಂದ ರಕ್ತ, ಕಿತ್ತಳೆ ಸಿಪ್ಪೆಯಂತಾದ ಚರ್ಮ, ಇವುಗಳಲ್ಲಿ ಯಾವುದು ಕಂಡರೂ ಆ ದಿನಕ್ಕಾಗಿ ಕಾಯದೆ ಆ ವಾರವೇ ವೈದ್ಯರಿಗೆ ತೋರಿಸಬೇಕು.