ಆಂಪ್ಸ್ ಕೇಳಿದರೆ ಸಾಲದು, ಕಡಿಯುವ ಶಕ್ತಿಯನ್ನೂ ಕೇಳಿ

ಮದ್ದಿಕೇರ: "ಅಣ್ಣಾ, 32 ಆಂಪ್ಸಿಂದು ಒಂದು ಎಂಸಿಬಿ ಕೊಡ್ರಿ." ಗುಂತಕಲ್ಲಿರಲಿ, ಆದೋನಿಯಿರಲಿ, ಬಳ್ಳಾರಿಯಿರಲಿ, ಎಲೆಕ್ಟ್ರಿಕಲ್ ಅಂಗಡಿಯ ಕೌಂಟರಿನಲ್ಲಿ ಮಾತು ಸಾಮಾನ್ಯವಾಗಿ ಇಷ್ಟಕ್ಕೇ ಮುಗಿಯುತ್ತದೆ. ಎಷ್ಟು ಆಂಪ್ಸ್, ಯಾವ ಕಂಪನಿ, ಎಷ್ಟು ರೇಟು? ಆದರೆ ಅದೇ ಎಂಸಿಬಿಯ ಮುಖದ ಮೇಲೆ ಪುಟ್ಟ ಚೌಕಟ್ಟಿನೊಳಗೆ ಇನ್ನೊಂದು ಸಂಖ್ಯೆ ಅಚ್ಚಾಗಿರುತ್ತದೆ: 3000, 4500, 6000 ಇಲ್ಲವೇ 10000. ಶಾರ್ಟ್ ಆದ ದಿನ ಮನೆ, ಗಿರಣಿ, ಮಿಲ್ಲು ಉಳಿಯುವುದು ಈ ಸಂಖ್ಯೆಯ ಮೇಲೆ. ಅದನ್ನು ಕೇಳಿ ಕೊಳ್ಳುವವರು ಮಾತ್ರ ಕಡಿಮೆ.

ಹೊರುವುದು ಬೇರೆ, ಕಡಿಯುವುದು ಬೇರೆ

ಬಂಡಿ ಎಷ್ಟು ಮೂಟೆ ಹೊರುತ್ತದೆ ಎಂಬುದು ಒಂದು ಲೆಕ್ಕ. ಇಳಿಜಾರಿನಲ್ಲಿ ಓಡುವಾಗ ಅದನ್ನು ಹಿಡಿದು ನಿಲ್ಲಿಸಬಹುದೇ ಎಂಬುದು ಇನ್ನೊಂದು ಲೆಕ್ಕ. ಬ್ರೇಕರಿನದೂ ಹಾಗೇ. 32 ಆಂಪ್ಸ್ ಎಂದರೆ ಅದು ದಿನವೂ ಹೊರಬಲ್ಲ ಹೊರೆ. 6000 ಎಂದರೆ ಶಾರ್ಟ್ ಆದಾಗ ಅದು ಕಡಿದು ನಿಲ್ಲಿಸಬಲ್ಲ ಗರಿಷ್ಠ ಕರೆಂಟ್, ಅಂದರೆ 6 ಕಿಲೋ ಆಂಪ್ಸ್.

ಫೇಸ್, ನ್ಯೂಟ್ರಲ್ ಒಂದಕ್ಕೊಂದು ತಾಗಿದರೆ ಸಾವಿರಾರು ಆಂಪ್ಸ್ ನುಗ್ಗಬಹುದು. ಆಗ ಬ್ರೇಕರಿನ ಕಾಂಟ್ಯಾಕ್ಟುಗಳು ಬೇರೆಯಾದರೂ ಕರೆಂಟ್ ಕೂಡಲೇ ನಿಲ್ಲುವುದಿಲ್ಲ. ಅವುಗಳ ನಡುವೆ ಆರ್ಕ್ ಎಂಬ ಬೆಂಕಿ ಹೊತ್ತಿಕೊಂಡು ಕರೆಂಟ್ ಹರಿಯುತ್ತಲೇ ಇರುತ್ತದೆ. ಒಳಗೆ ಸಾಲಾಗಿ ಜೋಡಿಸಿದ ಲೋಹದ ಪಟ್ಟಿಗಳು ಆ ಬೆಂಕಿಯನ್ನು ತುಂಡು ಮಾಡಿ, ತಣ್ಣಗಾಗಿಸಿ ಆರಿಸುತ್ತವೆ. ಶಕ್ತಿಗೆ ಮೀರಿದ ಕರೆಂಟ್ ಬಂದರೆ ಕಾಂಟ್ಯಾಕ್ಟುಗಳು ಬೆಸೆದುಕೊಳ್ಳಬಹುದು, ಇಲ್ಲವೇ ಬ್ರೇಕರೇ ಸಿಡಿಯಬಹುದು. ಆದೋನಿ ಸೀಮೆ ಹತ್ತಿಯ ಸೀಮೆ. ಅರಳೆಯ ಧೂಳು ಹಾರಾಡುವ ಜಿನ್ನಿಂಗ್ ಮಿಲ್ಲಿನಲ್ಲಿ ಬೋರ್ಡಿನಿಂದ ಒಂದು ಕಿಡಿ ಹೊರಬಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

30ರಿಂದ ಗುಣಿಸಿ

ಎಷ್ಟು ಕಿಲೋ ಆಂಪ್ಸಿನದು ಬೇಕು ಎಂಬುದನ್ನು ಹೇಳುವುದು ನಿಮ್ಮ ಮನೆಯ ಲೋಡ್ ಅಲ್ಲ, ನಿಮಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್. 11 ಕೆವಿಯಿಂದ 433 ವೋಲ್ಟಿಗೆ ಇಳಿಸುವ, 4.5 ಶೇಕಡಾ ಇಂಪಿಡೆನ್ಸ್ ಇರುವ ಟ್ರಾನ್ಸ್‌ಫಾರ್ಮರಿಗೆ ಲೆಕ್ಕ ಸುಲಭ: ಕೆವಿಎಯನ್ನು 30ರಿಂದ ಗುಣಿಸಿದರೆ ಅದರ ಬುಡದಲ್ಲಿ ಶಾರ್ಟ್ ಆದಾಗ ಹರಿಯುವ ಆಂಪ್ಸ್ ಹೆಚ್ಚುಕಡಿಮೆ ಸಿಗುತ್ತದೆ.

ಹೊಲದ 25 ಕೆವಿಎಗೆ ಸುಮಾರು 750 ಆಂಪ್ಸ್. ಓಣಿಯ 100 ಕೆವಿಎಗೆ 3000. ಎರಡಕ್ಕೂ 6 ಕಿಲೋ ಆಂಪ್ಸಿನ ಎಂಸಿಬಿ ಧಾರಾಳವಾಯಿತು. 250 ಕೆವಿಎಗೆ 7500. ಅದರ ಪಕ್ಕದಲ್ಲೇ ಇರುವ ಮೇನ್ ಬೋರ್ಡಿಗೆ 6 ಸಾಲದು, 10 ಬೇಕು. ಎಚ್‌ಟಿ ಸರ್ವೀಸ್ ಪಡೆದ ಮಿಲ್ಲಿನ 500 ಕೆವಿಎಗೆ 15000. ಅಲ್ಲಿ ಮೇನ್ ಆಗಿ 10 ಕಿಲೋ ಆಂಪ್ಸಿನ ಎಂಸಿಬಿ ನಡೆಯದು, 25 ಕಿಲೋ ಆಂಪ್ಸಿನ ಎಂಸಿಸಿಬಿ ಹಾಕುವುದೇ ಕ್ಷೇಮ. ಇಂಪಿಡೆನ್ಸ್ ಎಷ್ಟೆಂಬುದು ಟ್ರಾನ್ಸ್‌ಫಾರ್ಮರಿನ ನೇಮ್‌ಪ್ಲೇಟಿನಲ್ಲೇ ಇರುತ್ತದೆ. ಅದು ಕಡಿಮೆಯಿದ್ದಷ್ಟೂ ಶಾರ್ಟ್ ಕರೆಂಟ್ ಹೆಚ್ಚು.

ಮರೆತುಹೋಗುವುದು ಇಲ್ಲೇ. ಲೋಡ್ ಹೆಚ್ಚಿತು, ವೋಲ್ಟೇಜ್ ಸಾಲದು ಎಂದು 100 ಕೆವಿಎ ತೆಗೆದು 250 ಕೂರಿಸಿದರೆ ಎಲ್ಲರಿಗೂ ಸಂತೋಷ. ಆದರೆ ಪಕ್ಕದ ಹಿಟ್ಟಿನ ಗಿರಣಿಯ ಹಳೇ ಬೋರ್ಡಿನಲ್ಲಿ 4500 ಎಂದು ಬರೆದ ಎಂಸಿಬಿ ಹಾಗೇ ಉಳಿದಿರುತ್ತದೆ. ಗಿರಣಿಯ ಮೋಟಾರ್ ಬದಲಾಗಿಲ್ಲ, ಬಿಲ್ಲೂ ಹೆಚ್ಚಾಗಿಲ್ಲ. ಆದರೂ ನಿನ್ನೆ ಸಾಕಾಗಿದ್ದ ಬ್ರೇಕರ್ ಇವತ್ತು ಸಾಲದಾಗಿದೆ.

ತಂತಿ ಉದ್ದವಾದರೆ

ತಂತಿ ಉದ್ದವಾದಂತೆ ಶಾರ್ಟ್ ಕರೆಂಟ್ ಇಳಿಯುತ್ತದೆ. 4 ಚದರ ಮಿ.ಮೀ. ತಾಮ್ರದ ತಂತಿ 20 ಮೀಟರ್ ಹೋದ ಮೇಲೆ ಫೇಸ್-ನ್ಯೂಟ್ರಲ್ ಶಾರ್ಟ್ ಆದರೆ, ಟ್ರಾನ್ಸ್‌ಫಾರ್ಮರ್ ಎಷ್ಟೇ ದೊಡ್ಡದಿದ್ದರೂ ಸುಮಾರು 1300 ಆಂಪ್ಸ್ ದಾಟುವುದಿಲ್ಲ. ಆದ್ದರಿಂದ ದೊಡ್ಡ ಶಕ್ತಿ ಬೇಕಿರುವುದು ಮೊದಲ ಬೋರ್ಡಿಗೆ.

ಹೊಲದ ಕಡೆ ಕಷ್ಟ ಉಲ್ಟಾ. 10 ಚದರ ಮಿ.ಮೀ. ಅಲ್ಯೂಮಿನಿಯಂ ತಂತಿಯನ್ನು 300 ಮೀಟರ್ ಎಳೆದ ತೋಟದ ಮನೆಯಲ್ಲಿ ಹೀಗೇ ಶಾರ್ಟ್ ಆದರೆ ಹರಿಯುವುದು ಸುಮಾರು 130 ಆಂಪ್ಸ್. 'ಸಿ32' ಎಂಸಿಬಿ ತಕ್ಷಣ ಬೀಳಲು ಅದರ 5ರಿಂದ 10 ಪಟ್ಟು, ಅಂದರೆ 160ರಿಂದ 320 ಆಂಪ್ಸ್ ಬೇಕು. ಹಾಗಾಗಿ ಅದು ತಡವಾಗಿ ಬೀಳುತ್ತದೆ, ಅಷ್ಟರಲ್ಲಿ ತಂತಿ ಕಾಯುತ್ತದೆ. ಅಲ್ಲಿ ಕಿಲೋ ಆಂಪ್ಸ್ ಹೆಚ್ಚಿಸಿ ಪ್ರಯೋಜನವಿಲ್ಲ. ದಪ್ಪ ತಂತಿ, ಲೋಡಿಗೆ ತಕ್ಕ ಕಡಿಮೆ ಆಂಪ್ಸಿನ ಎಂಸಿಬಿ ಬೇಕು.

ನಿಯಮವೂ ಇದನ್ನೇ ಹೇಳುತ್ತದೆ

ಬ್ರೇಕರಿಗೆ ಕರೆಂಟನ್ನು ಹೊರುವ, ಕಡಿಯುವ ಎರಡೂ ಸಾಮರ್ಥ್ಯ ಇರಬೇಕೆಂದು 1956ರ ವಿದ್ಯುತ್ ನಿಯಮಗಳಲ್ಲೇ ಇತ್ತು. ಆ ನಿಯಮಗಳ ಜಾಗಕ್ಕೆ 2010ರಲ್ಲಿ, ಮತ್ತೆ 2023ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಬಂದಿವೆ. ಈ ಕಡೆ ಎಪಿಎಸ್‌ಪಿಡಿಸಿಎಲ್, ಬಳ್ಳಾರಿ ಕಡೆ ಜೆಸ್ಕಾಂ. ಗಡಿಯ ಎರಡೂ ಬದಿಗೆ ಲೆಕ್ಕ ಒಂದೇ.

ಇನ್ನೊಂದು ಮಾತು. 10000 ಎಂದು ಬರೆದ ಎಂಸಿಬಿ ಅಷ್ಟು ದೊಡ್ಡ ಶಾರ್ಟನ್ನು ಕಡಿದ ಮೇಲೆ ಮತ್ತೆ ಕೆಲಸಕ್ಕೆ ಬರುತ್ತದೆಂಬ ಭರವಸೆ ಇಲ್ಲ. ದೊಡ್ಡ ಸದ್ದಾಗಿ ಬಿದ್ದ ಬ್ರೇಕರನ್ನು ಸುಮ್ಮನೆ ಮೇಲಕ್ಕೆ ಎತ್ತಬಾರದು. ಶಾರ್ಟ್ ಎಲ್ಲಾಯಿತೆಂದು ಹುಡುಕಿಸಿ, ಬ್ರೇಕರನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಅನುಮಾನವಿದ್ದರೆ ಬದಲಿಸುವುದೇ ಲೇಸು.

ಹೊಸ ಬೋರ್ಡ್ ಹಾಕಿಸುವವರು ಓಣಿಯ ಟ್ರಾನ್ಸ್‌ಫಾರ್ಮರ್ ಎಷ್ಟು ಕೆವಿಎ ಎಂದು ಲೈನ್‌ಮನ್ ಬಳಿ ಕೇಳಿಕೊಳ್ಳಲಿ. ಐಎಸ್‌ಐ ಗುರುತು ನೋಡಲಿ, ಚೌಕಟ್ಟಿನೊಳಗಿನ ಸಂಖ್ಯೆ ಓದಲಿ. ಹಳೇ ಬೋರ್ಡ್ ಇದ್ದವರು ಓಣಿಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಬಂದ ವಾರವೇ ಆ ಸಂಖ್ಯೆ ಸಾಲುತ್ತದೆಯೇ ಎಂದು ನೋಡಿಸಿಕೊಳ್ಳಲಿ.