ಬೆಟ್ಟದ ದಾರಿಗೆ ಯಾವ ಸೈಲೆನ್ಸರ್?

ಪ್ರಶ್ನೆ: ಟೂರಿಂಗ್ ಬೈಕಿಗೆ ಬೇರೆ ಸೈಲೆನ್ಸರ್ ಹಾಕಿಸುವಾಗ ಏನು ನೋಡಬೇಕು?

ಉತ್ತರ: ಓಡಿಸುವ ದಾರಿಯನ್ನು! ಕೊಳ್ಳೇಗಾಲದಿಂದ ಹನೂರು ದಾಟಿ ಮಹದೇಶ್ವರ ಬೆಟ್ಟ ಹತ್ತುವವರಿಗೆ ತಿರುವುಗಳಲ್ಲಿ ಬೇಕಾದದ್ದು ಕಡಿಮೆ ಆರ್‌ಪಿಎಂನ ಎಳೆತ. ಅಡೆತಡೆಯಿಲ್ಲದ ಅಗಲ ಪೈಪು ಅದನ್ನೇ ಕುಗ್ಗಿಸಬಹುದು. ಅಂಥ ಪೈಪಿಗೆ ಇಂಧನದ ಟ್ಯೂನಿಂಗ್ ಬದಲಿಸಬೇಕಾದೀತು.

2020ರ ಏಪ್ರಿಲ್‌ನಿಂದ ಕಡ್ಡಾಯವಾದ ಬಿಎಸ್‌6 ಹೊಗೆ ನಿಯಮದ ಬೈಕುಗಳಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲಿದೆ ಎಂದು ಮೊದಲೇ ಕೇಳಿ. ಅದು ಇಂಜಿನ್ ಬಳಿಯ ಪೈಪಿನಲ್ಲಿದ್ದರೆ ಹಿಂದಿನ ಮಫ್ಲರ್ ಮಾತ್ರ ಬದಲಿಸಿದಾಗ ಉಳಿಯುತ್ತದೆ. ಇಡೀ ಪೈಪು ಬಿಚ್ಚಿದರೆ ಹೋಗುತ್ತದೆ, ಹೊಗೆ ಇನ್ನಷ್ಟು ವಿಷವಾಗುತ್ತದೆ. ಸೈಡ್ ಬ್ಯಾಗಿಗೆ ಬಿಸಿ ತಾಗದಷ್ಟು ಅಂತರವೂ ಇರಲಿ.

ಜೋರು ಸದ್ದು ಮಾತ್ರ ಬೇಡವೇ ಬೇಡ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವುದು ಆನೆ, ಹುಲಿಗಳ ಕಾಡಿನೊಳಗೆ. ಅಲ್ಲದೆ, ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಮಿತಿಮೀರಿದ ಸದ್ದಿಗೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.